ಗೇಟಿನ ಬಳ್ಳಿ

ಕತ್ತರಿ ತಾತನ ಕುತ್ತಿಗೆ ಕೆಳಕ್ಕೆ ಬಾಗುತ್ತಿರಲಿಲ್ಲ. ಗಲ್ಲ ಯಾವಾಗಲೂ ಮೇಲಕ್ಕೆ ಎತ್ತಿಕೊಂಡೇ ಇರುತ್ತಿತ್ತು, ಎದುರಿಗಿದ್ದವರನ್ನು ಮೂಗಿನ ತುದಿಯಿಂದ ಅಳೆಯುವವರ ಹಾಗೆ. ಚಿನ್ನಮನೂರು ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಮೊದಲ ಸಲ ನೋಡಿದವರು, ಈ ಮುದುಕನಿಗೆ ಎಷ್ಟು ಸೊಕ್ಕು ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದರು. ಅದು ಸೊಕ್ಕಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ನಿಂತು, ಎರಡೂ ಕೈ ಎತ್ತಿ, ಮೇಲೆ ನೋಡುತ್ತ ಐವತ್ತು ವರ್ಷ ಬಳ್ಳಿಯ ಕಡ್ಡಿ ಕತ್ತರಿಸಿದವರ ಕುತ್ತಿಗೆ ಅದು. ಮೂಳೆ ಹಾಗೇ ಕೂತುಬಿಟ್ಟಿತ್ತು. ಊಟಕ್ಕೆ ಕೂತಾಗ ಎಲೆ ಕಾಣಬೇಕಾದರೆ ಅವರು ಸೊಂಟದಿಂದಲೇ ಮುಂದಕ್ಕೆ ಬಾಗಬೇಕಾಗಿತ್ತು.

ತಲೆ ತಗ್ಗಿಸಲು ಆಗದ ಮನುಷ್ಯ ಮರ್ಯಾದೆಯನ್ನು ಬೇರೆ ದಾರಿಯಲ್ಲಿ ತೋರಿಸುತ್ತಿದ್ದರು. ಯಾರೇ ಎದುರಾಗಲಿ, ಹೆಗಲ ಮೇಲಿನ ಟವೆಲ್ ತೆಗೆದು ಎಡಗೈ ಮೇಲೆ ಹಾಕಿಕೊಳ್ಳುತ್ತಿದ್ದರು. ಒಂದು ಕಾಲದಲ್ಲಿ ನಮ್ಮ ಕಡೆ ಜಾತಿಯ ಹೆಸರಲ್ಲಿ ಕೆಲವರು ಇನ್ನು ಕೆಲವರಿಂದ ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ಕೆಲಸ ಅದು. ಹಾಗಾಗಿ ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ತಾತ ಅದನ್ನು ತಹಸೀಲ್ದಾರರಿಗೂ ಮಾಡುತ್ತಿದ್ದರು, ಬಸ್ ಕಂಡಕ್ಟರಿಗೂ ಮಾಡುತ್ತಿದ್ದರು, ಕಡ್ಡಿ ಆಯಲು ಬರುವ ಹೆಂಗಸರಿಗೂ ಮಾಡುತ್ತಿದ್ದರು. ಚಡ್ಡಿ ಹಾಕಿಕೊಳ್ಳಲು ಬರದ ಮಗು ಎದುರಿಗೆ ಬಂದರೂ ಟವೆಲ್ ಕೈಗೆ ಇಳಿಯುತ್ತಿತ್ತು. ಎಲ್ಲರಿಗೂ ಕೊಟ್ಟರೆ ಅದು ಗುಲಾಮಗಿರಿಯೋ, ಗುಲಾಮಗಿರಿಯ ಅಣಕವೋ, ನನಗೆ ಆಗಲೂ ಗೊತ್ತಾಗಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಎಲ್ಲರ ವಯಸ್ಸು ಕೇಳುವುದು.

"ಎಷ್ಟು ತಾಯಿ ವಯಸ್ಸು ನಿಂಗೆ?"

"ಎಂಟು ತಾತ."

"ಒಳ್ಳೆ ವಯಸ್ಸು."

ಎಂಟಕ್ಕೂ ಒಳ್ಳೆ ವಯಸ್ಸು, ನಲವತ್ತಕ್ಕೂ ಒಳ್ಳೆ ವಯಸ್ಸು, ಹಾಸಿಗೆ ಹಿಡಿದ ನನ್ನ ಅಜ್ಜಿಗೆ ಎಪ್ಪತ್ತಾರು ಎಂದಾಗಲೂ ಒಳ್ಳೆ ವಯಸ್ಸು. ನಾನು ಹನ್ನೆರಡು ವರ್ಷದವಳಿದ್ದಾಗಲೇ ಕೇಳಿದ್ದೆ: "ಕೆಟ್ಟ ವಯಸ್ಸು ಯಾವ್ದು ತಾತ ಹಂಗಾದ್ರೆ? ಎಲ್ಲಾ ಒಳ್ಳೇದಾದ್ರೆ ಒಳ್ಳೇದು ಅನ್ನೋ ಮಾತಿಗೆ ಏನು ಬೆಲೆ?" ತಾತ ಚಪ್ಪರವನ್ನೇ ನೋಡುತ್ತ ನಕ್ಕರು. "ನಿಮ್ಮ ಮಗಳು ವಕೀಲೆ ಆಗ್ತಾಳೆ," ಎಂದು ಅಪ್ಪನಿಗೆ ಹೇಳಿದರು.

ತಮಿಳುನಾಡಿನಲ್ಲಿರುವ ನಮ್ಮೂರು ಓಡೈಪಟ್ಟಿಯ ಸುತ್ತ ಇರುವುದೆಲ್ಲ ದ್ರಾಕ್ಷಿ. ಬಳ್ಳಿ ತಾನಾಗಿ ಹಣ್ಣು ಬಿಡುವುದಿಲ್ಲ, ಹಳೆಯ ಕಡ್ಡಿಯನ್ನು ಸರಿಯಾದ ಜಾಗದಲ್ಲಿ ಕತ್ತರಿಸಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಕವಾತು ಎನ್ನುತ್ತಾರೆ. ಪೆನ್ಸಿಲ್ ದಪ್ಪದ ಕಡ್ಡಿಯಾದರೆ ಐದು ಕಣ್ಣು, ಅಂದರೆ ಐದು ಮೊಗ್ಗಿನ ಗಂಟು, ಉಳಿಸಿ ಕತ್ತರಿಸಬೇಕು. ಆ ಕಣ್ಣುಗಳಿಂದ ಗೊನೆ ಬರುತ್ತದೆ. ಸಣಕಲು ಕಡ್ಡಿಯಾದರೆ ಎರಡೇ ಕಣ್ಣು. ದಪ್ಪ ಕಡ್ಡಿಯನ್ನು ತಪ್ಪಿ ಎರಡಕ್ಕೆ ಕತ್ತರಿಸಿದರೆ ಮುಗಿಯಿತು, ಆ ಬೆಳೆಗೆ ಅದರಲ್ಲಿ ಎಲೆ ಬಿಟ್ಟರೆ ಬೇರೇನೂ ಇಲ್ಲ. ಮತ್ತೆ ಜೋಡಿಸಲು ಬರುವುದಿಲ್ಲ.

ಕನ್ನಡ ಮಾತಾಡುವ ನಮ್ಮ ಒಕ್ಕಲು ಮನೆಗಳಲ್ಲಿ ಒಂದು ಪದ್ಧತಿ ಇದೆ. ಕವಾತಿನ ದಿನ ಗುಂಪಿನ ಆಳುಗಳು ಕೈಯಿಡುವ ಮೊದಲು, ಊರಿನ ಕತ್ತರಿಯವರಲ್ಲಿ ಎಲ್ಲರಿಗಿಂತ ಹಿರಿಯರು ಬಂದು ಒಂದು ಬಳ್ಳಿ ಪೂರ್ತಿ ಮಾಡಿಕೊಡಬೇಕು. ಅವರಿಗೆ ವೀಳ್ಯ, ಒಂದು ಹೊಸ ಟವೆಲ್. ಅವರು ಬದುಕಿರುವಾಗ, ಅವರ ಬಾಯಿಂದ ಮಾತು ಬರದೆ, ಎರಡನೆಯವರು ಮೊದಲ ಕತ್ತರಿ ಹಾಕುವಂತಿಲ್ಲ. ನನಗೆ ನೆನಪಿರುವಷ್ಟು ಕಾಲವೂ ಆ ಹಿರಿಯರು ತಾತನೇ.

ಇನ್ನು ನನ್ನ ವಿಷಯ. ತೇನಿಯ ಕಾಲೇಜಿನಲ್ಲಿ ನಾನು ಚರ್ಚಾ ತಂಡದಲ್ಲಿದ್ದೆ. ಎದುರಿನವರ ಮಾತಿನಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುವುದೇ ನನಗೆ ಕೊಟ್ಟ ತರಬೇತಿ. ಮನೆಗೆ ಬಂದರೂ ಅದನ್ನು ಬಿಚ್ಚಿಡಲು ಬರುತ್ತಿರಲಿಲ್ಲ. ಅಮ್ಮನ ಹತ್ತಿರ ಅದಕ್ಕೆಲ್ಲ ಒಂದೇ ಉತ್ತರ: "ವಯಸ್ಸಿಗಾದ್ರೂ ಮರ್ಯಾದೆ ಕೊಡೇ."

ಎಲ್ಲ ಮನೆಯಲ್ಲೂ ಆಡುವ ಮಾತು. ಯಾರೂ ಅದನ್ನು ನಿಲ್ಲಿಸಿ ನೋಡುವುದಿಲ್ಲ. ನಾನು ನಿಲ್ಲಿಸಿ ನೋಡಿದೆ. "ಅಮ್ಮಾ, 'ಆದರೂ' ಅಂತೀಯಲ್ಲ, ಅಂದ್ರೆ ಆ ಮನುಷ್ಯನ ಹತ್ರ ಮರ್ಯಾದೆ ಕೊಡೋಕೆ ಬೇರೆ ಏನೂ ಇಲ್ಲ ಅಂತ ನೀನೇ ಒಪ್ಕೊಂಡ ಹಾಗೆ. ನಾನು ಬರೀ ಎದುರು ಮಾತಾಡ್ದೆ. ನೀನು ಅವರನ್ನ ಸೊನ್ನೆ ಮಾಡ್ದೆ."

ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ನಿನ್ನ ಕಟ್ಕೊಳ್ಳೋನು ಕಿವುಡನಾಗಿರ್ಲಿ," ಎಂದಳು.

ತಾತನ ಕಣ್ಣು ಮಂಜಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಮನೆಯವರು ಮಧುರೈಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಕಣ್ಣಿನ ನರ ಒಣಗಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತಾತ ತಲೆ ಕೆಡಿಸಿಕೊಳ್ಳಲಿಲ್ಲ. "ಕವಾತಿಗೆ ಕಣ್ಣು ಯಾಕೆ? ಬೆರಳಿದೆ," ಎಂದು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಆ ಹೆಬ್ಬೆರಳು ಐವತ್ತು ವರ್ಷ ಕತ್ತರಿಯ ಹಿಡಿ ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿ ಕೊರಡಾಗಿತ್ತು. ಕಡ್ಡಿಯ ದಪ್ಪ ಅದಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. ದಪ್ಪದ್ದನ್ನು ಎರಡಕ್ಕೆ, ಸಣ್ಣದ್ದನ್ನು ಐದಕ್ಕೆ, ಮನಸ್ಸು ಬಂದಂತೆ ಕತ್ತರಿಸಲು ಶುರುವಾಯಿತು.

ಊರು ಏನು ಮಾಡಿತು? ತಾತನಿಗೆ ಅದನ್ನು ಹೇಳಲಿಲ್ಲ. ಅದರ ಬದಲು ಪ್ರತಿ ತೋಟದವರೂ ಗೇಟಿನ ಪಕ್ಕದ ಒಂದು ಬಳ್ಳಿಯನ್ನು ತಾತನಿಗೆಂದು ಬಿಟ್ಟುಕೊಟ್ಟರು. ಯಾರೂ ಸಭೆ ಸೇರಿ ತೀರ್ಮಾನ ಮಾಡಿದ್ದಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು. "ಒಳಗೆಲ್ಲ ಕೆಸರು ತಾತ, ಇಲ್ಲೇ ಗೇಟ್ ಹತ್ರ ಮಾಡ್ಬಿಡಿ," ಎನ್ನುತ್ತಿದ್ದರು. ತಾತ ಅದನ್ನು ಕತ್ತರಿಸಿ, ವೀಳ್ಯ ತೆಗೆದುಕೊಂಡು, ಎಲ್ಲರ ಮುಂದೆ ಟವೆಲ್ ಕೈಗೆ ಇಳಿಸಿ ಹೋಗುತ್ತಿದ್ದರು. ಆಮೇಲೆ ಬೇಕಾದರೆ ನೀವೇ ಆ ವರ್ಷಗಳಲ್ಲಿ ನಮ್ಮೂರಿನ ರಸ್ತೆಯಲ್ಲಿ ನಡೆದು ನೋಡಬಹುದಿತ್ತು. ತೋಟದೊಳಗೆಲ್ಲ ಕಪ್ಪು ಗೊನೆ ಜೋತಾಡುತ್ತಿದ್ದರೆ, ಪ್ರತಿ ಗೇಟಿನ ಪಕ್ಕದಲ್ಲೂ ಒಂದು ಬಳ್ಳಿ ಬರೀ ಹಸಿರು ಎಲೆ ತುಂಬಿಕೊಂಡು ನಿಂತಿರುತ್ತಿತ್ತು.

ನನಗೆ ಹತ್ತೊಂಬತ್ತು ತುಂಬಿದ ವರ್ಷ ಪೊಂಗಲ್‌ಗೆ ಊರಲ್ಲಿ ಪಟ್ಟಿಮನ್ರಂ ಇಟ್ಟರು. ಎರಡು ಪಕ್ಷ ವಾದ ಮಾಡುವುದು, ನಡುವೆ ಒಬ್ಬ ತೀರ್ಪುಗಾರರು ಕೂತು ನಗಿಸುವುದು, ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಊರೆಲ್ಲ ಕೂತು ಕೇಳುವುದು. ತೀರ್ಪುಗಾರರಾಗಿ ನಿಲಕ್ಕೋಟ್ಟೈಯಿಂದ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ವಿಷಯ: ಮರ್ಯಾದೆ ಸಲ್ಲಬೇಕಾದದ್ದು ವಯಸ್ಸಿಗೋ, ನಡತೆಗೋ. ನಾನು ನಡತೆಯ ಪಕ್ಷ.

ತಮಿಳಿನಲ್ಲಿ ಮಾತಾಡಿದೆ. ಅಮ್ಮನ 'ಆದರೂ' ಎತ್ತಿಕೊಂಡೆ, ನಕ್ಕರು. ಸಾಕಾಗಲಿಲ್ಲ. ನನ್ನ ಸಮಯದಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು.

"ನಮ್ಮೂರಲ್ಲಿ ಎಲ್ಲ ತೋಟಕ್ಕೂ ಒಂದೇ ಮಣ್ಣು, ಒಂದೇ ನೀರು," ಎಂದೆ. "ಆದರೆ ಗೇಟಿನ ಪಕ್ಕದ ಬಳ್ಳಿಗೆ ಮಾತ್ರ ಯಾಕೆ ಹಣ್ಣಿಲ್ಲ? ಅದು ನಾವು ವಯಸ್ಸಿಗೆ ಕೊಟ್ಟ ಮರ್ಯಾದೆ, ಐಯಾ. ತಪ್ಪು ಕತ್ತರಿಸ್ತಿದೀರಿ ಅಂತ ಹಿರಿಯರಿಗೆ ಹೇಳೋ ಧೈರ್ಯ ಇಲ್ಲದೆ ಊರಿಗೂರೇ ಒಂದೊಂದು ಬಳ್ಳಿ ಬಲಿ ಕೊಟ್ಟಿದೆ. ಬೆನ್ನ ಹಿಂದೆ ನಕ್ಕು ಎದುರಿಗೆ ಕೈ ಮುಗಿಯೋದೇ ಮರ್ಯಾದೆಯಾದರೆ, ಆ ಮರ್ಯಾದೆ ನನಗೆ ವಯಸ್ಸಾದಾಗ ಬೇಡ."

ಊರು ನಕ್ಕಿತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಎಲ್ಲ ಕಡೆ. ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದ ಸಂಗತಿ ಮೈಕಿನಲ್ಲಿ ಬಂದರೆ ಜನ ನಗಲೇಬೇಕು. ಆಗ ಮೊದಲ ಸಾಲಿನಲ್ಲಿ ತಾತ ಕೂತಿರುವುದು ಕಾಣಿಸಿತು. ಗಲ್ಲ ಮೇಲೆ, ಮುಖ ಪೆಂಡಾಲಿನ ಬಲ್ಬುಗಳ ಕಡೆ. ಅವರ ಮುಖದಿಂದ ಏನನ್ನೂ ಓದಲು ಯಾವಾಗಲೂ ಆಗುತ್ತಿರಲಿಲ್ಲ, ಅವತ್ತೂ ಆಗಲಿಲ್ಲ. ಅವರಿಗೆ ಇದು ಗೊತ್ತೇ ಇದೆ, ಗೊತ್ತಿದ್ದೂ ಆಟಕ್ಕೆ ಸೇರಿಕೊಂಡಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ. ಅಥವಾ ಹಾಗೆ ಅಂದುಕೊಂಡಿದ್ದೆ ಎಂದು ಆಮೇಲೆ ಅಂದುಕೊಂಡೆನೋ ಏನೋ. ಈಗ ಕೇಳಿದರೆ ನನಗೇ ಖಾತ್ರಿಯಿಲ್ಲ.

ನಮ್ಮ ಪಕ್ಷ ಗೆದ್ದಿತು. ನನಗೆ ಒಂದು ಎವರ್‌ಸಿಲ್ವರ್ ಬಕೆಟ್ ಬಹುಮಾನ. ಇಳಿದು ಬರುವಾಗ ತಾತ ಕುರ್ಚಿಯಿಂದ ಎದ್ದು, ಟವೆಲ್ ಹೆಗಲಿಂದ ಕೈಗೆ ಇಳಿಸಿ, ನಾನು ದಾಟಿ ಹೋಗುವವರೆಗೆ ನಿಂತಿದ್ದರು.

ಅಮ್ಮ ಆ ಬಕೆಟ್‌ಗೆ ಒಂದು ತಂಬಿಗೆ ನೀರೂ ಹಾಕಲಿಲ್ಲ. ದನದ ಕೊಟ್ಟಿಗೆಯಲ್ಲಿ ಬೋರಲು ಹಾಕಿದಳು.

ಎರಡು ದಿನ ಬಿಟ್ಟು ಒಬ್ಬರ ತೋಟದಲ್ಲಿ ಕವಾತು ಇತ್ತು. ತಾತ ಬರಲಿಲ್ಲ. ಮೈ ಸರಿಯಿಲ್ಲವೆಂದು ಹೇಳಿ ಕಳಿಸಲಿಲ್ಲ. ಬರುವುದಿಲ್ಲ ಎಂದಷ್ಟೇ ಹೇಳಿ ಕಳಿಸಿದರು. ಅವರ ನಂತರದ ಹಿರಿಯರನ್ನು ಕೇಳಿದರೆ, "ಅವರು ಹೇಳದೆ ನಾನು ಹೆಂಗೆ ಹಾಕ್ಲಿ? ಅವರಿನ್ನೂ ಇದಾರೆ," ಎಂದು ಕೈ ಆಡಿಸಿದರು. ಆಳುಗಳು ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸಾದರು. ಮುಂದಿನ ಸರದಿ ನಮ್ಮ ತೋಟ. ಕವಾತು ಹದಿನೈದು ದಿನ ಮುಂದಕ್ಕೆ ಹೋದರೆ ಹಣ್ಣು ಬೇಸಿಗೆ ಮಳೆಗೆ ಸಿಕ್ಕಿ ಒಡೆಯುತ್ತದೆ. ಆದರೆ ಅಪ್ಪ ಮಳೆಯ ಮಾತೇ ಎತ್ತಲಿಲ್ಲ. "ಐವತ್ತು ವರ್ಷ ಆ ಮನುಷ್ಯ ಈ ತಿಂಗಳಲ್ಲಿ ಮನೇಲಿ ಕೂತದ್ದು ನಾನು ನೋಡಿಲ್ಲ. ನೀನೇ ಕೂರಿಸಿದ್ದು. ನೀನೇ ಹೋಗಿ ಎಬ್ಬಿಸು," ಎಂದರು.

ತಾತನ ಸೊಸೆ ಬಾಗಿಲಲ್ಲಿ ಈರುಳ್ಳಿ ಬಿಡಿಸುತ್ತ ಕೂತಿದ್ದಳು. "ಬಾರಮ್ಮ, ಬಕೆಟ್ ಗೆದ್ದವಳು," ಎಂದಳು. "ಕತ್ತರಿ ಮೊಳೆಗೆ ಹಾಕಿ ಮೂರು ದಿನ ಆಯ್ತು. ಅನ್ನಾನೂ ಅರ್ಧ ಅರ್ಧ. ನಿನ್ನ ಮೈಕ್ ತಂದಿದೀಯಾ?"

ತಾತ ಹಿತ್ತಲ ಕಲ್ಲಿನ ಮೇಲೆ ಕೂತಿದ್ದವರು ನನ್ನ ಧ್ವನಿ ಕೇಳಿ ಎದ್ದು ನಿಂತರು. ಟವೆಲ್ ಕೈಗೆ ಬಂತು.

ನಾನು ಮೂರು ಅಂಶ ಸಿದ್ಧಮಾಡಿಕೊಂಡು ಹೋಗಿದ್ದೆ. "ತಾತ, ನಾನು ಮಾತಾಡಿದ್ದು ನಿಮ್ಮ ಬಗ್ಗೆ ಅಲ್ಲ, ಊರಿನ ಬಗ್ಗೆ."

"ಹೂಂ."

"ಸುಳ್ಳು ಹೇಳಿದ್ದು ಅವರು."

"ಹೂಂ. ಎಷ್ಟು ತೋಟ ತಾಯಿ?"

"ಏನದು?"

"ಹಣ್ಣಿಲ್ಲದ ಗೇಟಿನ ಬಳ್ಳಿ. ಎಷ್ಟು ತೋಟದಲ್ಲಿ?"

ಆಗ ನನಗೆ ಅರ್ಥವಾಯಿತು. ತಾತನಿಗೆ ಗೊತ್ತೇ ಇರಲಿಲ್ಲ. ಇಡೀ ಊರಿನಲ್ಲಿ ಆ ಮಾತನ್ನು ಪೆಂಡಾಲಿನಲ್ಲಿ ಮೊದಲ ಸಲ ಕೇಳಿದವರು ಅವರೊಬ್ಬರೇ.

"ಎಲ್ಲಾ ತೋಟದಲ್ಲೂ," ಎಂದೆ.

"ಎಷ್ಟು ವರ್ಷದಿಂದ?"

"ನಾಲ್ಕಿರಬೋದು."

ತಾತ ಟವೆಲಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ ಹೇಳಿದರು: "ಹೋದ ವರ್ಷ ನಿಮ್ಮಪ್ಪ ಒಂದು ಬುಟ್ಟಿ ಹಣ್ಣು ತಂದು ಕೊಟ್ಟ. ಗೇಟಿನ ಬಳ್ಳೀದು ತಾತ, ಚೆನ್ನಾಗಿ ಬಿಟ್ಟಿದೆ ಅಂದ. ನಾನು ಮೊಮ್ಮಕ್ಕಳಿಗೆಲ್ಲ ಹಂಚ್ದೆ. ನಾನು ಕೈಯಿಟ್ಟ ಬಳ್ಳೀದು ಅಂತ ಹೇಳಿ ಹಂಚ್ದೆ."

"ಅಪ್ಪ ಮರ್ಯಾದೆಗೆ ಹಂಗೆ ಹೇಳಿದ್ದು ತಾತ."

ಮಾತು ಬಾಯಿಂದ ಬಿದ್ದ ಮೇಲೆ ಗಮನಿಸಿದೆ. ಮೂರು ದಿನದ ಹಿಂದೆ ಯಾವ ಪಕ್ಷವನ್ನು ಕೆಡವಿ ಬಕೆಟ್ ತಂದಿದ್ದೆನೋ, ಈಗ ಅದೇ ಪಕ್ಷಕ್ಕೆ ವಾದ ಮಾಡುತ್ತಿದ್ದೆ.

"ಯಾರ ಮರ್ಯಾದೆಗೆ?" ಎಂದರು ತಾತ. ಕೋಪದಲ್ಲಿ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಮೂರು ಅಂಶಗಳಲ್ಲಿ ಕೊನೆಯದನ್ನು ನಾನು ಹೇಳಲೇ ಇಲ್ಲ.

ತಾತನೇ ಅಂದರು: "ನಾಳೆ ಬರ್ತೀನಿ ಅಂತ ಅಪ್ಪನಿಗೆ ಹೇಳು. ಗೇಟಿನ ಬಳ್ಳಿ ಬೇಡ. ಒಳಗೆ, ಮೂರನೇ ಸಾಲಲ್ಲಿ ಒಂದು ಕೊಡಿ. ನೀನು ನೋಡಿ ಹೇಳ್ಬೇಕು, ನಾನು ಕತ್ತರಿಸ್ತೀನಿ."

"ನನಗೆ ಕವಾತು ಗೊತ್ತಿಲ್ಲ ತಾತ."

"ಗೊತ್ತಿಲ್ದಿದ್ರೂ ಮಾತಾಡೋಕೆ ಬರ್ತದಲ್ಲ ನಿಂಗೆ. ಸಾಕು."

ಮರುದಿನ ಬೆಳಿಗ್ಗೆ ತೋಟದಲ್ಲಿ ಆಳುಗಳೆಲ್ಲ ಕೆಲಸ ನೋಡುವ ನೆಪದಲ್ಲಿ ನಮ್ಮ ಸುತ್ತಲೇ ನಿಂತಿದ್ದರು. ಅಪ್ಪ ಮೂರನೇ ಸಾಲಿನ ಒಳ್ಳೆಯ ಬಳ್ಳಿ ತೋರಿಸಿದರು. ತಾತ ಕತ್ತರಿ ತೆಗೆಯುವ ಮೊದಲು ಬಳ್ಳಿಗೂ ಟವೆಲ್ ಇಳಿಸಿದರು. ಆಮೇಲೆ ನನ್ನ ಕೈ ಹಿಡಿದು ಒಂದು ಕಡ್ಡಿಯ ಮೇಲಿಟ್ಟರು. "ಇದು ಪೆನ್ಸಿಲ್. ಐದು. ಇದು ಸೈಕಲ್ ಕಡ್ಡಿ. ಎರಡು. ಕಡ್ಡೀನ ಕೇಳು, ಆಮೇಲೆ ನಂಗೆ ಹೇಳು."

ಹೇಳುತ್ತಾ ಹೋದೆ. ಐದು ತಾತ. ಐದು. ಎರಡು. ಐದು. ಹೇಳಿದ ಕಡೆ ಅವರ ಹೆಬ್ಬೆರಳು ಗಂಟು ಎಣಿಸಿಕೊಂಡು ಹೋಗುತ್ತಿತ್ತು, ಕತ್ತರಿ ಟಕ್ ಎನ್ನುತ್ತಿತ್ತು, ಓರೆಯಾಗಿ ಕತ್ತರಿಸಿದ ತುದಿಯಲ್ಲಿ ನೀರು ಜಿನುಗುತ್ತಿತ್ತು. ಹತ್ತು ಹನ್ನೆರಡು ಕಡ್ಡಿ ಆದ ಮೇಲೆ ನನಗೆ ಹುರುಪು ಬಂತು. ಆಳುಗಳು ನೋಡುತ್ತಿದ್ದಾರೆ, ನಾನು ತಡವರಿಸುತ್ತಿಲ್ಲ. ಕಲ್ಲುಕಂಬದ ಹತ್ತಿರ ಎಲೆಗಳ ಮರೆಯಲ್ಲಿದ್ದ ಒಂದು ಕಡ್ಡಿಗೆ, ಸರಿಯಾಗಿ ಮುಟ್ಟದೆ, "ಎರಡು," ಎಂದೆ.

ತಾತನ ಬೆರಳು ನಿಂತಿತು. ಕಡ್ಡಿಯ ಮೇಲೆ ಒಂದು ಸಲ ಹೋಗಿ ಒಂದು ಸಲ ಬಂತು. "ಎರಡಾ?"

ವೇದಿಕೆಯ ಮೇಲೆ ಕಲಿತ ಮೊದಲ ಪಾಠ, ಹೇಳಿದ ಮೇಲೆ ಹಿಂದೆ ಸರಿಯಬಾರದು ಎಂಬುದು. "ಎರಡೇ ತಾತ," ಎಂದೆ.

ಆಳುಗಳ ಮೇಸ್ತ್ರಿ ಕೆಮ್ಮಿದ. ಅಪ್ಪ ನೆಲ ನೋಡಿದರು. ತಾತ ಎರಡು ಕಣ್ಣು ಉಳಿಸಿ ಕತ್ತರಿಸಿದರು.

ಅವತ್ತಿನಿಂದ ಕಾಲೇಜಿಗೆ ರಜೆ ಇದ್ದಾಗಲೆಲ್ಲ ನಾನು ತಾತನ ಜೊತೆ ತೋಟದಿಂದ ತೋಟಕ್ಕೆ ಹೋದೆ. ಒಮ್ಮೆ ಕೊಂಬೈಯ ಹತ್ತಿರದ ಒಂದು ತೋಟಕ್ಕೂ ಕರೆಸಿದ್ದರು. ನಾನಿಲ್ಲದ ದಿನ ಅವರು ಹೋಗುತ್ತಿರಲಿಲ್ಲ, ನನ್ನ ರಜೆ ನೋಡಿಕೊಂಡು ಕವಾತಿನ ದಿನ ಇಡುವ ಹಾಗಾಯಿತು. "ನಿಮ್ಮ ಮಗಳಿಗೆ ಯಾವಾಗ ಪರೀಕ್ಷೆ?" ಎಂದು ಊರವರು ಅಪ್ಪನನ್ನು ಕೇಳುತ್ತಿದ್ದರು, ಗೇಲಿಗೆ ಅರ್ಧ, ನಿಜಕ್ಕೆ ಅರ್ಧ. ಗೇಟಿನ ಬಳ್ಳಿಗಳು ಮತ್ತೆ ಗೊನೆ ಬಿಟ್ಟವು. ತಾತ ಬುಟ್ಟಿಯಲ್ಲಿ ಬಂದ ಹಣ್ಣನ್ನು ನಂಬದೆ, ತೋಟಕ್ಕೇ ಹೋಗಿ, ಕೈಯೆತ್ತಿ ಗೊನೆಯನ್ನು ಅಂಗೈಯಲ್ಲಿ ತೂಗಿ ನೋಡಿ ಬರುತ್ತಿದ್ದರು.

ಒಂದು ಮಾತ್ರ ಸರಿಯಾಗಲಿಲ್ಲ. ನಾನು ಬಂದರೆ ತಾತ ಏಳುತ್ತಿದ್ದರು. ಹಿಂದೆ ಟವೆಲ್ ಮಾತ್ರ ಇಳಿಯುತ್ತಿತ್ತು. ಪಟ್ಟಿಮನ್ರದ ಸಂಜೆಯಿಂದ ಏಳುವುದೂ ಸೇರಿತ್ತು. ಬೇರೆ ಯಾರಿಗೂ ಇಲ್ಲ, ನನಗೆ ಮಾತ್ರ. ಮಂಡಿ ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು, ಗಲ್ಲ ಎತ್ತಿಕೊಂಡೇ ಎದ್ದು ನಿಲ್ಲುವುದು. ನೋಡಿದವರು ನನ್ನನ್ನು ನೋಡುತ್ತಿದ್ದರು.

"ಅವರನ್ನ ಏಳೋ ಹಂಗೆ ಮಾಡ್ಬೇಡ ಕಣೇ," ಎಂದಳು ಅಮ್ಮ. "ವಯಸ್ಸಿಗಾದ್ರೂ..."

"ನಾನೇನು ಮಾಡ್ಲಿ? ಕೂತ್ಕೊಳ್ಳಿ ಅಂದ್ರೂ ಏಳ್ತಾರೆ, ಕೈ ಹಿಡಿದು ಕೂರಿಸಿದ್ರೂ ಏಳ್ತಾರೆ."

ಅವರಿಗೆ ಗೊತ್ತಾಗಬಾರದೆಂದು ಚಪ್ಪಲಿ ಬಿಟ್ಟು ಹಿತ್ತಲ ಕಡೆಯಿಂದ ಹೋದೆ. ಸೊಸೆಗೆ ಸನ್ನೆ ಮಾಡಿದೆ. ಅವಳು ಬೇಕಂತಲೇ ಗಟ್ಟಿಯಾಗಿ, "ಮಾವಾ, ನಿಮ್ಮ ಮೇಡಂ ಬಂದ್ರು," ಎಂದಳು. ತಾತ ಎದ್ದರು.

ಆ ಬೆಳೆ ಗೊನೆ ಕಟ್ಟಿದಾಗ ಮೂರನೇ ಸಾಲಿನ ಬಳ್ಳಿ ನೋಡಲು ಹೋದೆ. ಚೆನ್ನಾಗಿ ಬಿಟ್ಟಿತ್ತು. ಕಲ್ಲುಕಂಬದ ಹತ್ತಿರದ ಒಂದು ಕಡ್ಡಿಯಲ್ಲಿ ಮಾತ್ರ ಏನೂ ಇರಲಿಲ್ಲ, ಅಗಲವಾದ ಎಲೆಗಳು ಅಷ್ಟೆ. ಎಲೆ ಸರಿಸಿ ಹೆಬ್ಬೆರಳಿಟ್ಟು ನೋಡಿದೆ. ಅದು ಪೆನ್ಸಿಲ್ ದಪ್ಪವೂ ಅಲ್ಲ, ಅದಕ್ಕಿಂತ ದಪ್ಪ. ಆ ಬಳ್ಳಿಯಲ್ಲೇ ಗಟ್ಟಿ ಕಡ್ಡಿ ಅದು.

ನೇರ ತಾತನ ಮನೆಗೆ ಹೋದೆ. ಅವರು ಏಳುವುದರೊಳಗೆ ಎದುರಿಗೆ ನೆಲದ ಮೇಲೆ ಕೂತುಬಿಟ್ಟೆ. "ಕಂಬದ ಹತ್ರದ್ದು ಎರಡು ಅಂದಾಗ, ತಪ್ಪು ಅಂತ ಗೊತ್ತಾಗಿತ್ತಾ ನಿಮಗೆ?"

"ಬೆರಳಿಗೆ ದಪ್ಪ ಅನ್ನಿಸ್ತು. ಆದ್ರೆ ನನ್ನ ಬೆರಳನ್ನ ಈಗ ಯಾರು ನಂಬ್ತಾರೆ?"

"ಗೊತ್ತಾಗಿತ್ತಾ, ಇಲ್ವಾ?"

"ಕೇಳಿದ್ನಲ್ಲ ತಾಯಿ, ಎರಡಾ ಅಂತ."

"ಇನ್ನೊಂದು ಸಲ ಕೇಳಬಾರ್ದಿತ್ತಾ? ತಪ್ಪು ಅನ್ನಬಾರ್ದಿತ್ತಾ?"

"ಅಷ್ಟು ಜನ ನಿಂತಿದ್ರು," ಎಂದರು ತಾತ.

ಆದರೂ ನನ್ನ ಹಾಳು ತರಬೇತಿ ಬಿಡಲಿಲ್ಲ. "ಅಂದ್ರೆ ಊರು ನಿಮಗೆ ಮಾಡಿದ್ದನ್ನೇ ನೀವು ನನಗೆ ಮಾಡಿದ್ರಿ. ತಪ್ಪು ಅಂತ ಗೊತ್ತಿದ್ದೂ ಸುಮ್ಮನಿದ್ರಿ. ಅದಕ್ಕೇ ಅಲ್ವಾ ನೀವು ಮೂರು ದಿನ ಕತ್ತರಿ ಮೊಳೆಗೆ ಹಾಕಿದ್ದು? ನಿಮಗೆ ಕೊಟ್ಟಾಗ ಮೋಸ, ನನಗೆ ಕೊಟ್ಟಾಗ ಮರ್ಯಾದೆಯಾ?"

ಮೇಲೆ ತೊಲೆಯಲ್ಲಿ ಗುಬ್ಬಿ ಗೂಡಿತ್ತು; ತಾತ ಅದನ್ನೇ ನೋಡುತ್ತಿರುವಂತಿತ್ತು, ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತು. ಆಮೇಲೆ ನಕ್ಕರು.

"ನಾನೂ ಅದೇ ಯೋಚ್ನೆ ಮಾಡ್ತಿದೀನಿ," ಎಂದರು. "ಕತ್ತರಿಸಿದ ದಿನದಿಂದ ಯೋಚ್ನೆ ಮಾಡ್ತಿದೀನಿ. ನಿಂಗೆ ಹತ್ತೊಂಬತ್ತು, ಹೇಳಿದ ಮಾತು ಅಷ್ಟು ಜನರ ಮುಂದೆ ಕೆಳಗೆ ಬೀಳಬಾರ್ದು ಅನ್ನಿಸ್ತು. ಆ ವಯಸ್ಸಿಗೂ ಒಂದು ಮರ್ಯಾದೆ ಇದೆ ಅಂದ್ಕೊಂಡೆ. ಮನೆಗೆ ಬಂದು ಕೂತ್ಮೇಲೆ, ಅಯ್ಯೋ, ಅವರು ನಂಗೆ ಮಾಡಿದ್ದೂ ಇದೇ ಅಲ್ವಾ ಅನ್ನಿಸ್ತು. ಹಂಗಾದ್ರೆ ಅವರದೂ ಸರಿಯಾ? ನಂದೂ ತಪ್ಪಾ? ನಾನು ಓದಿದವನಲ್ಲ. ನೀನು ಓದಿದವಳು. ಯೋಚ್ನೆ ಮಾಡಿ ಹೇಳು."

ತಪ್ಪಿಸಿಕೊಳ್ಳಲು ಹೇಳಿದ್ದೋ, ನಿಜವಾಗಿ ಕೇಳಿದ್ದೋ? ಎಂಬತ್ತರ ಹತ್ತಿರದವರು ಹತ್ತೊಂಬತ್ತರವಳನ್ನು ಕೇಳಿದ ಪ್ರಶ್ನೆ. ಹೇಳ್ತೀನಿ ತಾತ ಎಂದು ಎದ್ದೆ. ಅವರೂ ಎದ್ದರು.

ನಾಲ್ಕು ವರ್ಷ ಯೋಚಿಸಿದೆ. ಈಗ ದಿಂಡಿಗಲ್‌ನಲ್ಲಿ ಶಾಲೆಯ ಮಕ್ಕಳಿಗೆ ವಾದ ಮಾಡುವುದನ್ನು ಕಲಿಸುತ್ತೇನೆ. ಎರಡೂ ಪಕ್ಷದ ಟಿಪ್ಪಣಿ ಬರೆದುಕೊಂಡು ಬನ್ನಿ ಎನ್ನುತ್ತೇನೆ. ತಾತನ ಪ್ರಶ್ನೆಗೂ ಎರಡೂ ಪಕ್ಷದ ಟಿಪ್ಪಣಿ ಬರೆದೆ. ನಾನು ನಿಜ ಹೇಳಿದೆ, ಆದ್ದರಿಂದ ಗೇಟಿನ ಬಳ್ಳಿ ಹಣ್ಣು ಬಿಟ್ಟಿತು, ಇದು ಒಂದು. ನಾನು ನಿಜ ಹೇಳಿದ ರೀತಿಗೆ ಒಬ್ಬ ಮನುಷ್ಯ ಮೂರು ದಿನ ಅರ್ಧ ಅನ್ನ ಉಂಡರು, ಇದೂ ನಿಜ. ಊರು ಸುಳ್ಳು ಹೇಳಿತು, ತಾತನೂ ಒಂದು ಸುಳ್ಳು ಕತ್ತರಿಸಿದರು. ಊರಿನ ಸುಳ್ಳಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ತಾತನ ಸುಳ್ಳಿನ ಮೇಲೆ ಸಿಟ್ಟು ತರಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದಕ್ಕೆ ಒಂದು ಕಾರಣ ಕೊಡು ಎಂದು ನಾನೇ ನನ್ನನ್ನು ಕೇಳಿದರೆ, ನನ್ನ ಶಿಷ್ಯರಿ‌ಗೆ ಸೊನ್ನೆ ಅಂಕ ಕೊಡುವಂಥ ಉತ್ತರಗಳೇ ಬರುತ್ತವೆ. ಅವರು ನಿಲ್ಲಿಸಿ ಕೇಳಿದರು, ಊರು ಕೇಳಲಿಲ್ಲ ಎಂದು ಒಂದು ದಿನ ಅನ್ನಿಸುತ್ತದೆ. ಅದು ನನಗೆ ಅನುಕೂಲವಾದ ವಾದ ಎಂದು ಮರುದಿನ ಅನ್ನಿಸುತ್ತದೆ.

ಕಳೆದ ವರ್ಷ ತಾತ ಮಲಗಿದರು. ನೋಡಲು ಹೋದಾಗ ಮಂಚದ ಮೇಲೆ, ತಲೆಯ ಹಿಂದೆ ಎರಡು ದಿಂಬು ಇಟ್ಟುಕೊಂಡಿದ್ದರು, ಗಲ್ಲ ಹಾಗೇ ಮೇಲೆ. ನನ್ನ ಧ್ವನಿ ಕೇಳಿದ್ದೇ ಎರಡೂ ಕೈ ಮಂಚದ ಪಟ್ಟಿ ಹುಡುಕಿದವು. ಸೊಸೆ ಭುಜ ಹಿಡಿದು, "ಸುಮ್ನೆ ಮಲ್ಕೊಳ್ಳಿ ಮಾವ," ಎಂದಳು. ಏಳಲು ಆಗಲಿಲ್ಲ. ಹೊದಿಕೆಯ ಮೇಲಿದ್ದ ಟವೆಲನ್ನು ತಡಕಿ ಎಡಗೈ ಮೇಲೆ ಎಳೆದುಕೊಂಡರು.

"ಉತ್ತರ ಸಿಕ್ತಾ ತಾಯಿ?"

"ಇಲ್ಲ ತಾತ."

"ಎಷ್ಟಾಯ್ತು ವಯಸ್ಸು?"

"ಇಪ್ಪತ್ತಮೂರು."

"ಒಳ್ಳೆ ವಯಸ್ಸು," ಎಂದರು.

ನಾಲ್ಕು ದಿನದ ಮೇಲೆ ಹೋದರು. ಅಂಗಳದಲ್ಲಿ ಬೆಂಚಿನ ಮೇಲೆ ಮಲಗಿಸಿದಾಗ ಕುತ್ತಿಗೆ ನೇರ ಮಾಡಲು ಯಾರೋ ಪ್ರಯತ್ನಪಟ್ಟರು. "ಬಿಡಿ, ಅದು ಹಂಗೇ," ಎಂದರು ಅಪ್ಪ. ಮೇಲೆ ಹಾಕಿದ್ದ ಶಾಮಿಯಾನದ ಕಡೆಗೆ, ಯಾವುದೋ ಕಡ್ಡಿ ಹುಡುಕುತ್ತಿರುವವರ ಹಾಗೆ ಮುಖ ಎತ್ತಿಕೊಂಡೇ ಇದ್ದರು. ಬಂದವರಿಗೆಲ್ಲ ಕುರ್ಚಿ ಹಾಕಿದ್ದರು. ಅಮ್ಮ ಎರಡು ಸಲ ನನ್ನ ಸೆರಗು ಎಳೆದು ಕೂತ್ಕೊ ಎಂದಳು. ನಾನು ಕೂರಲಿಲ್ಲ. ಅವರನ್ನು ಎತ್ತುವವರೆಗೆ ನಿಂತೇ ಇದ್ದೆ. "ಪರವಾಗಿಲ್ಲ, ಈಗಲಾದ್ರೂ ವಯಸ್ಸಿಗೆ ಮರ್ಯಾದೆ ಕೊಡೋದು ಕಲಿತಳು," ಎಂದು ಅಮ್ಮ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಕೇಳಿಸಿತು. ವಯಸ್ಸಿಗೆ ಅಲ್ಲ ಎಂದು ತಿರುಗಿ ಹೇಳಬೇಕೆನ್ನಿಸಿತು. ಹಾಗಾದರೆ ಯಾತಕ್ಕೆ ಎಂದು ಅವಳು ಕೇಳಿದ್ದರೆ?

ಈ ಸಲ ಕವಾತಿಗೆ ಮೊದಲ ಕತ್ತರಿ ಹಾಕಿದವರು ಬೇರೆಯವರು. ಕಣ್ಣು ಚೆನ್ನಾಗಿ ಕಾಣುವವರು, ಕೈಯೂ ನಡುಗುವುದಿಲ್ಲ. ನಾನು ರಜೆ ಹಾಕಿ ಬಂದಿದ್ದೆ, ಕೆಲಸವೇನೂ ಇರಲಿಲ್ಲ. ಮೂರನೇ ಸಾಲಿಗೆ ಬಂದಾಗ ಮೇಸ್ತ್ರಿ ಕಲ್ಲುಕಂಬದ ಹತ್ತಿರ ನಿಂತ. ಎರಡು ಕಣ್ಣಿಗೆ ಕತ್ತರಿಸಿದ್ದ ಆ ಜಾಗ ಈಗ ಗಂಟುಗಟ್ಟಿ, ಹೆಬ್ಬೆರಳಿನ ಹಾಗೆ ದಪ್ಪಗೆ ಉಳಿದಿದೆ. ಅದರಿಂದ ಹುಟ್ಟಿದ ಕವಲುಗಳಲ್ಲಿ ಈಗ ಹಣ್ಣು ಬರುತ್ತದೆ. ಆ ಗಂಟು ಮಾತ್ರ ದಾರಿಗೆ ಅಡ್ಡ, ಓಡಾಡುವ ಆಳುಗಳ ತಲೆಯ ಟವೆಲ್ ಸಿಕ್ಕಿಕೊಳ್ಳುತ್ತದೆ.

"ಇದನ್ನ ಬುಡಕ್ಕೇ ತೆಗೀಲಾ?" ಎಂದು ಮೇಸ್ತ್ರಿ ಕೇಳಿದ, ಪ್ರತಿ ಸಲ ಕೇಳುವ ಹಾಗೆ.

"ಅವಳನ್ನ ಕೇಳು," ಎಂದರು ಅಪ್ಪ, ಪ್ರತಿ ಸಲ ಹೇಳುವ ಹಾಗೆ.

ನಾನು ಕೈಯೆತ್ತಿ ಆ ಗಂಟಿನ ಮೇಲೆ ಹೆಬ್ಬೆರಳಿಟ್ಟೆ, ಬೆರಳು ಒಂದು ಸಲ ಹೋಗಿ ಒಂದು ಸಲ ಬಂತು. ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತ ನಿಂತೆ. ಆಳುಗಳು ಕಾಯುತ್ತಿದ್ದರು.

"ಇರಲಿ," ಎಂದೆ. "ಇನ್ನೂ ಯೋಚನೆ ಮಾಡ್ತಿದೀನಿ."